‘ಚೀನಾ ಗಾಡಿ’ ಅಗ್ಗವಾಗಿಯೇ ಇರಲಿ, ಹೊಣೆಗಾರರಿಲ್ಲದೆ ಮಾರಾಟವಾಗದಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ವಿದ್ಯುತ್ ಸ್ಕೂಟರ್ ಮಾರುವ ಅಂಗಡಿಗಳು ಈಗ ಜಿಲ್ಲಾ ಕೇಂದ್ರಗಳನ್ನು ದಾಟಿ ಹರಿಹರ, ಹೊನ್ನಾಳಿ, ಚನ್ನಗಿರಿಯಂಥ ತಾಲ್ಲೂಕು ಪಟ್ಟಣಗಳಿಗೂ ಬಂದಿವೆ. ‘ಲೈಸೆನ್ಸ್ ಬೇಡ, ನೋಂದಣಿ ಬೇಡ, ಪೆಟ್ರೋಲ್ ಬೇಡ’ ಎಂಬ ಫಲಕದ ಕೆಳಗೆ ಐವತ್ತು ಅರವತ್ತು ಸಾವಿರ ರೂಪಾಯಿ ಬೆಲೆಯ ಸಣ್ಣ ಸ್ಕೂಟರ್‌ಗಳು ಸಾಲಾಗಿ ನಿಂತಿರುತ್ತವೆ. ಮೋಟರ್, ಅದಕ್ಕೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಕಂಟ್ರೋಲರ್, ಮೀಟರ್, ಪ್ಲಾಸ್ಟಿಕ್ ಹೊದಿಕೆ, ಕೆಲವೊಮ್ಮೆ ಚಾಸಿ ಕೂಡ ಚೀನಾದಿಂದ ಬಿಡಿಬಿಡಿಯಾಗಿ ಬಂದು, ಇಲ್ಲಿ ಜೋಡಣೆಯಾಗಿ, ಯಾವುದೋ ಹೊಸ ಹೆಸರಿನ ಸ್ಟಿಕ್ಕರ್ ಹಚ್ಚಿಸಿಕೊಂಡು ಮಾರಾಟವಾಗುವ ಇವುಗಳನ್ನು ನಮ್ಮ ಕಡೆ ಜನ ‘ಚೀನಾ ಗಾಡಿ’ ಎಂದೇ ಕರೆಯುತ್ತಾರೆ. ಟಿವಿಎಸ್ ಐಕ್ಯೂಬ್, ಬಜಾಜ್ ಚೇತಕ್, ಏಥರ್, ವಿಡಾ ಮುಂತಾದವು ‘ಕಂಪನಿ ಗಾಡಿ’ಗಳು, ಅವುಗಳ ಬೆಲೆ ಒಂದು ಲಕ್ಷದ ಆಸುಪಾಸಿನಿಂದ ಆರಂಭವಾಗುತ್ತದೆ. ಐಟಿಐಯೊಂದರಲ್ಲಿ ಬಹುಕಾಲ ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಹೇಳಿದವನಾದ್ದರಿಂದ, ಎರಡರಲ್ಲಿ ಯಾವುದನ್ನು ಕೊಳ್ಳಬೇಕೆಂದು ನೆರೆಹೊರೆಯವರು ನನ್ನನ್ನು ಕೇಳುವುದುಂಟು. ಇದು ಒಬ್ಬೊಬ್ಬ ಗ್ರಾಹಕ ತನ್ನಷ್ಟಕ್ಕೆ ತೀರ್ಮಾನಿಸಿ ಮುಗಿಸುವ ವಿಷಯವಲ್ಲ, ಸರ್ಕಾರವೂ ಕೈ ಹಾಕಬೇಕಾದ ವಿಷಯ ಎಂದು ನನಗೆ ಮನವರಿಕೆಯಾಗಿರುವುದರಿಂದ ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಅಗ್ಗದ ಗಾಡಿ ಕೊಳ್ಳುವವರನ್ನು ತಿಳಿವಳಿಕೆ ಇಲ್ಲದವರೆಂದು ತಳ್ಳಿಹಾಕುವುದು ತಪ್ಪು. ಇವನ್ನು ಕೊಳ್ಳುವವರು ಹೆಚ್ಚಾಗಿ ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯರು, ಪಿಗ್ಮಿ ಸಂಗ್ರಹಿಸುವವರು, ಹೊಲಿಗೆ ಅಂಗಡಿ ಇಟ್ಟುಕೊಂಡ ಹೆಣ್ಣುಮಕ್ಕಳು, ದೃಷ್ಟಿ ಮತ್ತು ಕೈಕಾಲು ಮೊದಲಿನಂತಿಲ್ಲದ ಹಿರಿಯರು. ಇವರಲ್ಲಿ ಅನೇಕರ ಬಳಿ ಚಾಲನಾ ಪರವಾನಗಿ ಇಲ್ಲ; ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್‌ಗಿಂತ ಹೆಚ್ಚು ಓಡಾಟವೂ ಇಲ್ಲ. ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲಿನಲ್ಲಿ ಕಿಲೋಮೀಟರಿಗೆ ಎರಡು ರೂಪಾಯಿಗೂ ಹೆಚ್ಚು ಖರ್ಚಾಗುವಾಗ, ಮನೆಯ ಪ್ಲಗ್ಗಿಗೆ ರಾತ್ರಿ ಸಿಕ್ಕಿಸಿ ಎರಡು ಯೂನಿಟ್‌ಗೂ ಕಡಿಮೆ ವಿದ್ಯುತ್ತಿನಲ್ಲಿ ಮರುದಿನದ ಓಡಾಟ ಮುಗಿಯುತ್ತದೆ ಎಂಬುದು ಅವರಿಗೆ ಸಣ್ಣ ಮಾತಲ್ಲ. ಕೊಳ್ಳುವ ದಿನ ಅವರು ಹಾಕುವ ಲೆಕ್ಕದಲ್ಲಿ ತಪ್ಪಿಲ್ಲ. ಆ ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಮಾರುವವರು ಅವರಿಗೆ ಹೇಳುವುದಿಲ್ಲ ಎಂಬುದೇ ನನ್ನ ತಕರಾರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ನಡೆಸುವ ಗ್ಯಾರೇಜಿಗೆ ಇತ್ತೀಚೆಗೆ ಆಶಾ ಕಾರ್ಯಕರ್ತೆಯೊಬ್ಬರ ಗಾಡಿ ಬಂದಿತ್ತು. ಸೀಟು ಎತ್ತಿ ಫುಟ್‌ಬೋರ್ಡಿನ ಮುಚ್ಚಳ ಬಿಚ್ಚಿದಾಗ 12 ವೋಲ್ಟಿನ ಐದು ಲೆಡ್ ಆ್ಯಸಿಡ್ ಬ್ಯಾಟರಿಗಳು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಣೆಯಾಗಿದ್ದವು. ಎರಡರ ಟರ್ಮಿನಲ್ಲಿನ ಮೇಲೆ ಬಿಳಿ ಹಸಿರು ಪುಡಿ ಹತ್ತಿತ್ತು. ಚಾರ್ಜ್ ತುಂಬಿದ ಮೇಲೆ ಮೀಟರ್ ಹಿಡಿದರೆ ನಾಲ್ಕು ಬ್ಯಾಟರಿಗಳು ಸರಿಯಾದ ವೋಲ್ಟೇಜ್ ತೋರಿಸಿದವು, ಐದನೆಯದು ಹತ್ತೂವರೆಯನ್ನೂ ಮುಟ್ಟಲಿಲ್ಲ. ಸರಣಿ ಜೋಡಣೆಯಲ್ಲಿ ಒಂದು ಬ್ಯಾಟರಿ ಸೊರಗಿದರೆ ಉಳಿದ ನಾಲ್ಕರ ಗತಿಯೂ ಕೆಡುತ್ತದೆ, ಏಕೆಂದರೆ ಚಾರ್ಜರ್ ಐದೂ ಬ್ಯಾಟರಿಗಳ ಒಟ್ಟು ವೋಲ್ಟೇಜನ್ನು ಮಾತ್ರ ನೋಡುತ್ತದೆಯೇ ಹೊರತು ಯಾವುದು ತುಂಬಿದೆ, ಯಾವುದು ತುಂಬಿಲ್ಲ ಎಂಬುದನ್ನು ನೋಡುವುದಿಲ್ಲ; ಹಾಗಾಗಿ ಚೆನ್ನಾಗಿರುವ ಬ್ಯಾಟರಿಗಳು ಮಿತಿಮೀರಿ ಚಾರ್ಜ್ ಆಗಿ ಒಣಗುತ್ತವೆ, ಸೊರಗಿದ್ದು ಓಡಾಟದ ವೇಳೆ ಪೂರ್ತಿ ಬರಿದಾಗುತ್ತದೆ. ಹಳೆಯ ನಾಲ್ಕರ ಜೊತೆ ಹೊಸದೊಂದನ್ನು ಸೇರಿಸಿದರೂ ಅದು ಬಹಳ ದಿನ ಬಾಳುವುದಿಲ್ಲ. ಐದನ್ನೂ ಬದಲಿಸಬೇಕು ಎಂದಾಗ ಆ ತಾಯಿ ಮಾತಿಲ್ಲದೆ ನಿಂತುಬಿಟ್ಟರು. ಒಂದು ಸೆಟ್ಟಿಗೆ ಹದಿಮೂರು ಹದಿನಾಲ್ಕು ಸಾವಿರ ರೂಪಾಯಿ. ವಾರಂಟಿ ಕಾರ್ಡು ಅವರ ಚೀಲದಲ್ಲಿ ಮಡಚಿಕೊಂಡೇ ಇತ್ತು, ಆದರೆ ಅದನ್ನು ಕೊಟ್ಟ ಅಂಗಡಿಯೇ ಮುಚ್ಚಿಹೋಗಿತ್ತು. ಕಾರ್ಡಿನಲ್ಲಿ ಆಮದುದಾರರ ಹೆಸರಾಗಲಿ, ಜೋಡಣೆ ಮಾಡಿದವರ ವಿಳಾಸವಾಗಲಿ ಇರಲಿಲ್ಲ.

ಲೆಡ್ ಆ್ಯಸಿಡ್ ಬ್ಯಾಟರಿ ಕೆಟ್ಟ ವಸ್ತು ಎಂದು ನಾನು ಹೇಳುತ್ತಿಲ್ಲ. ಅದು ಲಿಥಿಯಂ ಬ್ಯಾಟರಿಯಂತೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಹಳೆಯದಾದ ಮೇಲೆ ಸೀಸದ ತೂಕಕ್ಕೆ ಗುಜರಿಯಲ್ಲಿ ಸ್ವಲ್ಪ ಹಣವೂ ಬರುತ್ತದೆ. ಆದರೆ ಪೂರ್ತಿ ಬರಿದುಮಾಡಿ ಪೂರ್ತಿ ತುಂಬುವ ಬಳಕೆಯಲ್ಲಿ ಅದರ ಆಯುಷ್ಯ ಸಾಮಾನ್ಯವಾಗಿ ಮುನ್ನೂರರಿಂದ ಐನೂರು ಆವರ್ತ. ದಿನವೂ ಚಾರ್ಜ್ ಮಾಡುವವರಿಗೆ ಅದು ಒಂದೂವರೆ ಎರಡು ವರ್ಷಕ್ಕೆ ಮುಗಿಯುತ್ತದೆ. ಹೀಗಾಗಿ ಐವತ್ತೈದು ಸಾವಿರದ ಗಾಡಿಯನ್ನು ಐದು ವರ್ಷ ಇಟ್ಟುಕೊಂಡರೆ ಎರಡು ಸೆಟ್ ಬ್ಯಾಟರಿ, ಒಂದು ಚಾರ್ಜರ್, ಒಂದು ಕಂಟ್ರೋಲರ್ ಸೇರಿ ಖರ್ಚು ತೊಂಬತ್ತು ಸಾವಿರದ ಹತ್ತಿರ ಬರುತ್ತದೆ. ಕೊನೆಗೆ ಮಾರಲು ಹೋದರೆ ನೋಂದಣಿ ಪತ್ರ (ಆರ್‌ಸಿ) ಇಲ್ಲದ ಗಾಡಿಯನ್ನು ಕೊಳ್ಳುವವರು ಸಿಗುವುದು ಕಷ್ಟ. ಆರ್‌ಸಿ ಇಲ್ಲದ್ದಕ್ಕೆ ಬ್ಯಾಂಕುಗಳೂ ಸಾಮಾನ್ಯವಾಗಿ ವಾಹನ ಸಾಲ ಕೊಡುವುದಿಲ್ಲವಾದ್ದರಿಂದ, ಕೊಳ್ಳುವವರು ಕೈಸಾಲಕ್ಕೋ ದುಬಾರಿ ಬಡ್ಡಿಯ ಕಂತಿಗೋ ಹೋಗುತ್ತಾರೆ. ಲಕ್ಷದ ಆಸುಪಾಸಿನ ಕಂಪನಿ ಗಾಡಿಗೆ ಲಿಥಿಯಂ ಬ್ಯಾಟರಿ ಇರುತ್ತದೆ, ಕನಿಷ್ಠ ಮೂರು ವರ್ಷದ ವಾರಂಟಿ ಇರುತ್ತದೆ, ಕೆಲವು ಕಂಪನಿಗಳು ಎಂಟು ವರ್ಷ ಅಥವಾ 80,000 ಕಿಲೋಮೀಟರ್‌ವರೆಗೂ ಬ್ಯಾಟರಿಯ ಹೊಣೆ ಹೊರುತ್ತವೆ. ಅಂಗಡಿಯಲ್ಲಿ ಐವತ್ತು ಸಾವಿರ ಎನಿಸಿದ ವ್ಯತ್ಯಾಸ ಐದನೆಯ ವರ್ಷದ ಹೊತ್ತಿಗೆ ಹದಿನೈದು ಸಾವಿರದ ಆಸುಪಾಸಿಗೆ ಇಳಿದಿರುತ್ತದೆ, ಓಡಾಟ ಹೆಚ್ಚಿದ್ದರೆ ಅದೂ ಉಳಿದಿರುವುದಿಲ್ಲ. ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ಮಾತ್ರ ಓಡಿಸುವವರಿಗೆ, ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡದವರಿಗೆ ಈ ಲೆಕ್ಕ ಬೇರೆಯಾಗುತ್ತದೆ. ಅಂಥವರಿಗೆ ಸಣ್ಣ ಗಾಡಿಯೇ ಸಾಕು ಎಂದು ನಾನೂ ಹೇಳುತ್ತೇನೆ.

ಹಣದ ಲೆಕ್ಕಕ್ಕಿಂತ ಗಂಭೀರವಾದದ್ದು ವೇಗದ ವಿಷಯ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋಗ್ರಾಂ ಮೀರದೆ ಇದ್ದರೆ ಮಾತ್ರ ಅಂಥ ಗಾಡಿ ‘ಮೋಟಾರು ವಾಹನ’ವಲ್ಲ ಎಂಬ ವಿನಾಯಿತಿ ಸಿಗುತ್ತದೆ. ಲೈಸೆನ್ಸ್ ಬೇಡ, ನೋಂದಣಿ ಬೇಡ, ವಿಮೆ ಬೇಡ ಎಂಬ ಮಾತೆಲ್ಲ ನಿಂತಿರುವುದು ಈ ವಿನಾಯಿತಿಯ ಮೇಲೆ. ಆದರೆ ಇಂಥ ಅನೇಕ ಗಾಡಿಗಳ ಕಂಟ್ರೋಲರಿನಿಂದ ಒಂದು ಸಣ್ಣ ಜೋಡಿ ತಂತಿ ಹೊರಬಂದಿರುತ್ತದೆ. ಅದು ಜೋಡಣೆಯಲ್ಲಿರುವಷ್ಟು ಕಾಲ ವೇಗ 25ಕ್ಕೆ ನಿಲ್ಲುತ್ತದೆ, ಬಿಚ್ಚಿದ ಕೂಡಲೇ 40-45ಕ್ಕೆ ಏರುತ್ತದೆ. ಗಿರಾಕಿ ‘ಸ್ವಲ್ಪ ಸ್ಪೀಡ್ ಬೇಕಿತ್ತು’ ಎಂದರೆ ಸಾಕು, ಆ ತಂತಿಯನ್ನು ಅಂಗಡಿಯಲ್ಲೇ ಬಿಚ್ಚಿಕೊಡುವವರಿದ್ದಾರೆ. ಬಿಚ್ಚಿದ ಗಳಿಗೆಯಿಂದ ಆ ಗಾಡಿ ಕಾನೂನಿನ ಕಣ್ಣಿನಲ್ಲಿ ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನವಾಗುತ್ತದೆ ಎಂಬುದನ್ನು ಕೊಂಡವರಿಗೆ ಯಾರೂ ತಿಳಿಸುವುದಿಲ್ಲ.

ಇಪ್ಪತ್ತೈದರ ವೇಗಕ್ಕೆಂದು ಮಾಡಿದ ಡ್ರಮ್ ಬ್ರೇಕು, ತೆಳು ರಿಮ್ಮು, ಸಣ್ಣ ಟೈರುಗಳ ಮೇಲೆ ಇಬ್ಬರು ದೊಡ್ಡವರು, ಕಾಲ ಬಳಿ ಒಂದು ಅಕ್ಕಿ ಚೀಲ, ಗಂಟೆಗೆ ನಲವತ್ತೈದು ಕಿಲೋಮೀಟರ್. ಮಳೆಗಾಲದ ರಸ್ತೆಯಲ್ಲಿ ಅದು ಎಲ್ಲಿ ನಿಲ್ಲುತ್ತದೆ ಎಂದು ಹೇಳಲು ನನಗೆ ಧೈರ್ಯವಿಲ್ಲ. ಎದುರಿನವರಿಗೆ ಪೆಟ್ಟಾದರೆ ಪರಿಹಾರ ಕೊಡಲು ವಿಮೆ ಇರುವುದಿಲ್ಲ. ಹೊಲವನ್ನೋ ಒಡವೆಯನ್ನೋ ಒತ್ತೆಯಿಟ್ಟು ತುಂಬಿಕೊಡುವ ಪಾಳಿ ಬರುತ್ತದೆ. ಟ್ಯೂಷನ್ನಿಗೆ ಹೋಗುವ ಹೈಸ್ಕೂಲ್ ಮಕ್ಕಳ ಕೈಗೆ ಇಂಥ ಗಾಡಿ ಕೊಡುವ ತಂದೆತಾಯಿ ಇನ್ನೂ ಒಂದು ಸಂಗತಿ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಬಳಿಕ ಅಪ್ರಾಪ್ತರು ಮೋಟಾರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಅದೇ ತಿದ್ದುಪಡಿ ತಂದ 182ಎ ಕಲಮಿನಲ್ಲಿ, ನಿಯಮ ಮೀರಿದ ವಾಹನ ಮಾರುವ ಅಥವಾ ಮಾರ್ಪಡಿಸುವ ತಯಾರಕ, ಆಮದುದಾರ, ಡೀಲರ್‌ಗಳಿಗೆ ಪ್ರತಿ ವಾಹನಕ್ಕೆ ಒಂದು ಲಕ್ಷ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸ ಎಂದಿದೆ. ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ ಕೇಳುವುದು ಮಾತ್ರ ಓಡಿಸುತ್ತಿರುವ ಬಡಪಾಯಿಯನ್ನು. ತಂತಿ ಬಿಚ್ಚಿಕೊಟ್ಟವರ ಅಂಗಡಿಗೆ ಹೋಗಿ ಸಾಲಾಗಿ ನಿಂತ ಗಾಡಿಗಳನ್ನು ಓಡಿಸಿ ನೋಡುವುದು ಅದಕ್ಕಿಂತ ಸುಲಭದ ಕೆಲಸ, ನ್ಯಾಯದ ಕೆಲಸವೂ ಹೌದು.

ಇಷ್ಟು ಹೇಳಿದ್ದರಿಂದ, ದೊಡ್ಡ ಹೆಸರಿನ ಗಾಡಿ ಕೊಂಡರೆ ಎಲ್ಲವೂ ಸರಿಯಾಗುತ್ತದೆ ಎಂದು ಓದುಗರು ಭಾವಿಸಬಾರದು. 2022ರ ಮಾರ್ಚ್-ಏಪ್ರಿಲ್‌ನಲ್ಲಿ ಪುಣೆ, ವೆಲ್ಲೂರು, ಚೆನ್ನೈ, ನಿಜಾಮಾಬಾದ್‌ಗಳಲ್ಲಿ ಒಂದರ ಹಿಂದೊಂದು ಹೊತ್ತಿ ಉರಿದದ್ದು ಹೆಸರುಳ್ಳ ಕಂಪನಿಗಳ ಸ್ಕೂಟರ್‌ಗಳೇ; ವೆಲ್ಲೂರಿನಲ್ಲಿ ತಂದೆ ಮತ್ತು ಮಗಳು ಜೀವ ಕಳೆದುಕೊಂಡರು. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ರಾಜಾಜಿನಗರದ ವಿದ್ಯುತ್ ಸ್ಕೂಟರ್ ಮಳಿಗೆಯೊಂದರಲ್ಲಿ ಬೆಂಕಿ ಹೊತ್ತಿ ಅಲ್ಲಿ ಕೆಲಸಕ್ಕಿದ್ದ ಯುವತಿ ಅಸುನೀಗಿದ್ದು ನಮಗೆಲ್ಲ ನೆನಪಿದೆ. ಮಾರಾಟದ ನಂತರದ ಸೇವೆಯ ವಿಷಯದಲ್ಲಂತೂ, ಒಂದು ವರ್ಷದಲ್ಲಿ ಬಂದ 10,644 ದೂರುಗಳನ್ನು ಮುಂದಿಟ್ಟು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ನೋಟಿಸ್ ಕೊಟ್ಟದ್ದು ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಓಲಾ ಎಲೆಕ್ಟ್ರಿಕ್‌ಗೆ. ಅವುಗಳಲ್ಲಿ ಬಹುಪಾಲನ್ನು ಬಗೆಹರಿಸಿರುವುದಾಗಿ ಕಂಪನಿ ಹೇಳಿಕೊಂಡಿತು. ಅದಕ್ಕೂ ಒಂದು ತಿಂಗಳ ಹಿಂದೆ ಕಲಬುರಗಿಯಲ್ಲಿ ರಿಪೇರಿಗೆ ಅಲೆದು ಬೇಸತ್ತ ಗ್ರಾಹಕನೊಬ್ಬ ಅದೇ ಕಂಪನಿಯ ಶೋರೂಮಿಗೇ ಬೆಂಕಿ ಹಚ್ಚಿದ. ಆ ಕೃತ್ಯವನ್ನು ಯಾರೂ ಒಪ್ಪಲಾರರು. ಆದರೆ ಗ್ರಾಹಕ ಅಷ್ಟು ಹತಾಶನಾಗುವ ಮಟ್ಟಕ್ಕೆ ಸೇವೆ ಕುಸಿಯುವುದನ್ನೂ ಒಪ್ಪಲಾಗದು.

‘ದೇಶೀ’ ಎಂಬ ಮಾತನ್ನೂ ಸ್ವಲ್ಪ ಎಚ್ಚರದಿಂದ ಬಳಸಬೇಕು. ವಿದ್ಯುತ್ ವಾಹನಗಳಿಗೆ ಕೇಂದ್ರದ ಸಬ್ಸಿಡಿ ಕೊಡುತ್ತಿದ್ದ ಫೇಮ್-2 ಯೋಜನೆಯಲ್ಲಿ ಬಿಡಿಭಾಗಗಳನ್ನು ಇಲ್ಲೇ ತಯಾರಿಸಬೇಕೆಂಬ ಷರತ್ತನ್ನು ಉಲ್ಲಂಘಿಸಿದ ಕಾರಣಕ್ಕೆ ಕೇಂದ್ರ ಸರ್ಕಾರ 2023ರಲ್ಲಿ ಏಳು ಕಂಪನಿಗಳಿಂದ ಸುಮಾರು 469 ಕೋಟಿ ರೂಪಾಯಿ ಸಬ್ಸಿಡಿಯನ್ನು ಹಿಂದಿರುಗಿಸುವಂತೆ ಕೇಳಿತ್ತು. 2025ರ ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಲೋಹಗಳ ಆಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ದೊಡ್ಡ ದೊಡ್ಡ ಕಂಪನಿಗಳೇ ಸ್ಕೂಟರ್ ತಯಾರಿಕೆಗೆ ಅಡಚಣೆಯಾಗುತ್ತಿದೆ ಎಂದು ಹೇಳಬೇಕಾಯಿತು. ಚೀನಾದ ಭಾಗ ಇದೆಯೇ ಇಲ್ಲವೇ ಎಂಬುದರಿಂದ ಗಾಡಿಯ ಗುಣ ತೀರ್ಮಾನವಾಗುವುದಾಗಿದ್ದರೆ ಕಂಪನಿ ಗಾಡಿಗಳಲ್ಲೂ ಹೆಚ್ಚಿನವು ಆ ಪರೀಕ್ಷೆಯಲ್ಲಿ ಸೋಲುತ್ತವೆ. ಭಾಗ ಎಲ್ಲಿಂದ ಬಂದರೂ ಅದನ್ನು ಪರೀಕ್ಷಿಸಿದವರು ಯಾರು, ಕೆಟ್ಟರೆ ಬದಲಿಸಿಕೊಡುವವರು ಯಾರು ಎಂಬುದನ್ನೇ ಕೇಳಬೇಕು.

ಅಗ್ಗದ ಗಾಡಿಗಳ ಪರವಾಗಿ ಹೇಳಲೇಬೇಕಾದ ಒಂದು ಮಾತೂ ಇದೆ. ಅವುಗಳ ರಚನೆ ಸರಳ. ಹಿಂದಿನ ಚಕ್ರದ ಹಬ್‌ನಲ್ಲೇ ಮೋಟರ್, ಅದರೊಳಗೆ ಮೋಟರ್ ತಿರುಗುವ ಸ್ಥಾನವನ್ನು ಗುರುತಿಸುವ ಮೂರು ಹಾಲ್ ಸೆನ್ಸರ್, ಹೊರಗೆ ಒಂದು ಕಂಟ್ರೋಲರ್, ಒಂದು ಆಕ್ಸಿಲರೇಟರ್ ಹಿಡಿ, ಬ್ರೇಕ್ ಹಿಡಿದಾಗ ವಿದ್ಯುತ್ ಕಡಿಯುವ ಸ್ವಿಚ್. ಗಾಡಿ ಗಕ್ಕನೆ ಎಳೆದು ನಿಲ್ಲುತ್ತಿದ್ದರೆ ಹೆಚ್ಚಾಗಿ ಆಕ್ಸಲ್ ತೂತಿನಿಂದ ಮಳೆನೀರು ಒಳಗಿಳಿದು ಹಾಲ್ ಸೆನ್ಸರ್ ಕೆಟ್ಟಿರುತ್ತದೆ. ಸೆನ್ಸರಿನ ಬೆಲೆ ತೀರಾ ಕಡಿಮೆ. ಆಯಸ್ಕಾಂತದ ಬಿಗಿಹಿಡಿತದಿಂದ ಸ್ಟೇಟರನ್ನು (ಮೋಟರಿನೊಳಗಿನ ತಂತಿ ಸುರುಳಿಯ ಭಾಗವನ್ನು) ಜಾಗರೂಕತೆಯಿಂದ ಹೊರಗೆಳೆದು, ಹಳೆಯದನ್ನು ತೆಗೆದು ಹೊಸದನ್ನು ಬೆಸುಗೆ ಹಾಕಬಲ್ಲ ಹುಡುಗನೊಬ್ಬ ಊರಿನಲ್ಲಿದ್ದರೆ ಸಂಜೆಯೊಳಗೆ ಗಾಡಿ ಓಡುತ್ತದೆ. ಕಂಪನಿ ಗಾಡಿಯಲ್ಲಿ ಎಲ್ಲವೂ ಸಾಫ್ಟ್‌ವೇರಿನ ಬೀಗದೊಳಗೆ ಇರುವುದರಿಂದ ಹೊರಗಿನ ಮೆಕ್ಯಾನಿಕ್ ಮುಟ್ಟುವಂತಿಲ್ಲ; ಅಧಿಕೃತ ಸರ್ವಿಸ್ ಸೆಂಟರ್ ದೂರದಲ್ಲಿದ್ದರೆ ಗಾಡಿಯನ್ನು ಟೆಂಪೊದಲ್ಲಿ ಹೇರಿಕೊಂಡು ಹೋಗಬೇಕು. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲೇ ಸಮಿತಿ ರಚಿಸಿತ್ತು. ವಿದ್ಯುತ್ ವಾಹನಗಳಿಗೆ ಆ ಹಕ್ಕು ಹಳ್ಳಿಯ ಗ್ಯಾರೇಜಿನವರೆಗೂ ತಲುಪುವುದು ಅಗತ್ಯ.

ಚೀನಾದಲ್ಲಿ ಈ ವಿಷಯ ಎಲ್ಲಿಗೆ ಬಂದಿದೆ ಎಂಬುದನ್ನೂ ನೋಡಬೇಕು. ಅಲ್ಲಿಯೂ ಯಾಡಿಯಾ, ನಿಯು ಮುಂತಾದ ಹೆಸರಾಂತ ಕಂಪನಿಗಳಿವೆ, ಹೆಸರಿಲ್ಲದ ಜೋಡಣೆದಾರರೂ ಇದ್ದಾರೆ. 2019ರ ಏಪ್ರಿಲ್‌ನಿಂದ ಅಲ್ಲಿ ವಿದ್ಯುತ್ ಬೈಸಿಕಲ್‌ಗಳಿಗೆ 25 ಕಿಲೋಮೀಟರ್ ವೇಗ, 55 ಕಿಲೋಗ್ರಾಂ ತೂಕದ ಮಿತಿಯ ಕಡ್ಡಾಯ ರಾಷ್ಟ್ರೀಯ ಮಾನದಂಡ ಜಾರಿಯಾಯಿತು. ಅದಾದ ಮೇಲೂ 2024ರ ಫೆಬ್ರವರಿಯಲ್ಲಿ ನಾನ್‌ಜಿಂಗ್ ನಗರದ ವಸತಿ ಕಟ್ಟಡವೊಂದರಲ್ಲಿ, ವಿದ್ಯುತ್ ಬೈಕುಗಳನ್ನು ನಿಲ್ಲಿಸುತ್ತಿದ್ದ ನೆಲಮಹಡಿಯಲ್ಲಿ ಹುಟ್ಟಿದ ಬೆಂಕಿ 15 ಜನರನ್ನು ಬಲಿ ತೆಗೆದುಕೊಂಡಿತು. ಬಳಿಕ ಲಿಥಿಯಂ ಬ್ಯಾಟರಿಗಳಿಗೆ ಪ್ರತ್ಯೇಕ ಕಡ್ಡಾಯ ಮಾನದಂಡ ಬಂತು. 2025ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಪರಿಷ್ಕೃತ ನಿಯಮದಲ್ಲಿ ವೇಗಮಿತಿಯನ್ನಾಗಲಿ, ಬ್ಯಾಟರಿಯನ್ನಾಗಲಿ ಅಂಗಡಿಯವರು ಬದಲಿಸಲಾಗದಂತೆ ಕಂಟ್ರೋಲರನ್ನೇ ಭದ್ರಪಡಿಸಬೇಕೆಂದು ವಿಧಿಸಲಾಯಿತು. ಚೀನಾದ ಜನರಿಗೆ ಬೇಕೆನಿಸಿದ ಈ ರಕ್ಷಣೆ ನಮ್ಮ ಆಶಾ ಕಾರ್ಯಕರ್ತೆಗೆ ಏಕೆ ಬೇಡ?

ನಮ್ಮಲ್ಲೂ 2022ರ ಬೆಂಕಿ ಅನಾಹುತಗಳ ನಂತರ ವಿದ್ಯುತ್ ವಾಹನಗಳ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಅಂತ್ಯದಿಂದ ಎರಡು ಹಂತಗಳಲ್ಲಿ ಜಾರಿ ಮಾಡಲಾಯಿತು. ಒಂದು ಸೆಲ್ ಕಾದರೆ ಬೆಂಕಿ ಪಕ್ಕದ ಸೆಲ್ಲುಗಳಿಗೆ ಹರಡದಂತಿರಬೇಕು, ಬ್ಯಾಟರಿ ಪೆಟ್ಟಿಗೆಗೆ ನೀರು ನುಗ್ಗದಂತಿರಬೇಕು ಎಂಬಂಥ ಪರೀಕ್ಷೆಗಳು ಅದರಲ್ಲಿವೆ. ನೋಂದಣಿಗೆ ಬರುವ ವಾಹನಗಳಿಗೆ ಇದು ಅನ್ವಯಿಸುತ್ತದೆ. ವೇಗ, ಶಕ್ತಿ, ತೂಕಗಳ ಆಧಾರದ ಮೇಲೆ ವಿನಾಯಿತಿ ಪಡೆದ ಸಣ್ಣ ಗಾಡಿಗಳಿಗೂ ಬ್ಯಾಟರಿ ಮತ್ತು ಚಾರ್ಜರಿನ ಮಟ್ಟಿಗೆ ಅಷ್ಟೇ ಬಿಗಿಯಾದ ಪರೀಕ್ಷೆ ಇರಬೇಕೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವನ್ನು ನಾನು ಒತ್ತಾಯಿಸುತ್ತೇನೆ. ನಿಧಾನ ಓಡುವ ಗಾಡಿಯ ಲಿಥಿಯಂ ಬ್ಯಾಟರಿ ಮನೆಯೊಳಗೆ ಚಾರ್ಜ್ ಆಗುವಾಗ ನಿಧಾನವಾಗಿ ಉರಿಯುವುದಿಲ್ಲ. ಜೊತೆಗೆ, ಬಿಲ್ಲಿನ ಮೇಲೆ ಆಮದುದಾರ ಮತ್ತು ಜೋಡಣೆದಾರರ ಹೆಸರು ವಿಳಾಸ, ಬ್ಯಾಟರಿಯ ಜಾತಿ ಮತ್ತು ಆಂಪಿಯರ್-ಅವರ್ ಸಾಮರ್ಥ್ಯ (ಅದು ಎಷ್ಟು ವಿದ್ಯುತ್ ಹಿಡಿದಿಡುತ್ತದೆ ಎಂಬ ಅಳತೆ), ಬದಲಿ ಬ್ಯಾಟರಿಯ ಅಂದಿನ ಬೆಲೆ ಇವಿಷ್ಟನ್ನು ಮುದ್ರಿಸುವುದು ಕಡ್ಡಾಯವಾಗಬೇಕು. ಮಾದರಿಯೊಂದನ್ನು ಮಾರಿದವರು ಐದು ವರ್ಷ ಅದರ ಕಂಟ್ರೋಲರ್ ಮತ್ತು ಚಾರ್ಜರ್ ಒದಗಿಸುವ ಭರವಸೆಗೆ ಠೇವಣಿ ಇಡಬೇಕು. ಹೀಗೆ ಮಾಡಿದರೆ ಗಾಡಿಯ ಬೆಲೆ ಸ್ವಲ್ಪ ಏರಬಹುದು, ಆದರೆ ಎರಡನೆಯ ವರ್ಷ ಹದಿನಾಲ್ಕು ಸಾವಿರ ಹೊಂದಿಸಲಾಗದೆ ಗಾಡಿಯನ್ನು ಮೂಲೆಗೆ ನಿಲ್ಲಿಸುವುದಕ್ಕಿಂತ ಅದು ಹಗುರ.

ಈ ನಡುವೆ ಕೊಳ್ಳಲು ಹೊರಟವರಲ್ಲಿ ನನ್ನ ವಿನಂತಿ ಇಷ್ಟೇ: ಗಾಡಿ ವೇಗ, ಶಕ್ತಿ, ತೂಕಗಳ ಮಿತಿಯೊಳಗಿದೆ ಎಂಬ ವಿನಾಯಿತಿ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ, ಜಿಎಸ್‌ಟಿ ಬಿಲ್ಲಿಲ್ಲದೆ ಹಣ ಕೊಡಬೇಡಿ, ಅದೇ ಮಾದರಿಯನ್ನು ಎರಡು ವರ್ಷ ಓಡಿಸಿದವರೊಬ್ಬರನ್ನು ಊರಿನಲ್ಲಿ ಹುಡುಕಿ ಮಾತನಾಡಿಸಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಸಂಬಂಧಿಸಿದ ದೂರನ್ನು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲದೆ ದಾಖಲಿಸಬಹುದು.

ಆದರೆ ಆಯೋಗದ ಮುಂದೆ ನಿಂತ ಗ್ರಾಹಕನಿಗೆ ಬ್ಯಾಟರಿ ಹೇಳಿದಷ್ಟು ಸಾಮರ್ಥ್ಯದ್ದಲ್ಲ ಎಂದು ರುಜುವಾತು ಮಾಡುವುದೇ ಕಷ್ಟ. ಇಲ್ಲಿ ರಾಜ್ಯ ಸರ್ಕಾರ ತಕ್ಷಣ ಮಾಡಬಹುದಾದ ಕೆಲಸವೊಂದಿದೆ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಲಾಗಿದೆ. ತುಂಬಿದ ಬ್ಯಾಟರಿಯನ್ನು ನಿಗದಿತ ಕರೆಂಟಿನಲ್ಲಿ ಬರಿದುಮಾಡಿ, ಅದು ನಿಜವಾಗಿ ಎಷ್ಟು ಆಂಪಿಯರ್-ಅವರ್ ಕೊಟ್ಟಿತು ಎಂದು ಅಳೆಯುವ ಡಿಸ್ಚಾರ್ಜ್ ಪರೀಕ್ಷೆಗೆ ದೊಡ್ಡ ಸಲಕರಣೆಯೇನೂ ಬೇಕಾಗಿಲ್ಲ. ಎರಡನೆಯ ವರ್ಷದ ವಿದ್ಯಾರ್ಥಿ ಬೋಧಕರ ಮೇಲ್ವಿಚಾರಣೆಯಲ್ಲಿ ಮಾಡಬಹುದಾದ ಕೆಲಸವದು. ಪ್ರತಿ ಜಿಲ್ಲೆಯ ಒಂದು ಐಟಿಐಯಲ್ಲಾದರೂ ಅಲ್ಪ ಶುಲ್ಕಕ್ಕೆ ಈ ಪರೀಕ್ಷೆ ನಡೆಸಿ, ಗಾಡಿಯ ವೇಗವನ್ನೂ ಅಳೆದು, ಮೊಹರು ಹಾಕಿದ ವರದಿ ಕೊಡುವ ವ್ಯವಸ್ಥೆಯಾಗಲಿ. ಆ ವರದಿಯನ್ನು ಗ್ರಾಹಕರ ಆಯೋಗವೂ ಸಾರಿಗೆ ಇಲಾಖೆಯೂ ಪರಿಗಣಿಸಲಿ. ಕೌಶಲ್ಯಾಭಿವೃದ್ಧಿ ಸಚಿವರು ಮತ್ತು ಸಾರಿಗೆ ಸಚಿವರು ಈ ಬಗ್ಗೆ ಒಟ್ಟಾಗಿ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ,
ದಾವಣಗೆರೆ